ಮೌನ: ಸ್ವತಃ ನಿರ್ದೇಶಕರೇ

ಖ್ಯಾತಿ ಅನ್ನುವುದು ಒಂದು ರೋಗ ಎಂದು ಸಾರುವ ಸಿನಿಮಾಕ್ಕೆ ನನ್ನನ್ನು ಕರೆದಿದ್ದರು. ಆಹ್ವಾನ ಪತ್ರದ ಮುಕ್ಕಾಲು ಭಾಗ ನಿರ್ದೇಶಕರ ಫೋಟೋ. ಉಳಿದ ಕಾಲು ಭಾಗದಲ್ಲಿ ‘ಮುಖಗಳ ಸಂತೆಯಲ್ಲಿ ಮುಖವಿಲ್ಲದವನ ಕೂಗು’ ಎಂದು ಬರೆದಿತ್ತು. ಫೋಟೋದಲ್ಲಂತೂ ಮುಖ ಚೆನ್ನಾಗಿಯೇ ಇತ್ತು. ಗಡ್ಡ ಅಳತೆ ಹಿಡಿದು ಕೆದರಿದಂತಿತ್ತು.

ವಿಷಯ ದೊಡ್ಡದು. ಮಾಧ್ಯಮದ ದರ್ಬಾರು, ಸೆಲೆಬ್ರಿಟಿ ಹುಚ್ಚು, ಮನುಷ್ಯನ ಒಣಜಂಭ. ಮೂರನ್ನೂ 97 ನಿಮಿಷದಲ್ಲಿ ಬಯಲು ಮಾಡುತ್ತೇವೆ ಎಂದಿದ್ದರು. ಇದು ಪ್ರಯೋಗಾತ್ಮಕ ಚಿತ್ರ, ಕಥೆ ಏನು ಅಂತ ಕೇಳಬೇಡಿ ಎಂಬ ಸೂಚನೆ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು: ‘ದಯವಿಟ್ಟು ಫೋಟೋ ತೆಗೆಯಬೇಡಿ. ತೆಗೆದರೆ ನಮ್ಮನ್ನು ಟ್ಯಾಗ್ ಮಾಡಿ.’

ಹೋದೆ. ಒಣಜಂಭದ ಬಗ್ಗೆ ತಿಳಿದುಕೊಳ್ಳಲು ಹೋದೆ ಎಂದರೆ ಸುಳ್ಳಾಗುತ್ತದೆ. ಲಕೋಟೆಯ ಮೇಲೆ ನನ್ನ ಹೆಸರಿನ ಹಿಂದೆ ‘ಖ್ಯಾತ ಅಂಕಣಕಾರರು’ ಅಂತ ಇತ್ತು.

ಬಾಗಿಲಲ್ಲೇ ಒಂದು ಎತ್ತರದ ಬೋರ್ಡು ನಿಲ್ಲಿಸಿದ್ದರು. ಅದರ ಮೇಲೆ ‘ನಾನು ಯಾರೂ ಅಲ್ಲ’ ಎಂದು ದಪ್ಪಕ್ಷರ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಉದ್ದನೆಯ ಸಾಲು. ತಾವು ಯಾರೂ ಅಲ್ಲ ಎಂದು ಜಗತ್ತಿಗೆ ತಿಳಿಸಲು ಜನ ನೂಕಾಡುತ್ತಿದ್ದರು. ಒಬ್ಬರು ಸಾಲು ತಪ್ಪಿಸಿ ಮುಂದೆ ನುಗ್ಗಿದರು. ಹಿಂದಿದ್ದವರು ಕೆಂಪಾದರು. ‘ರೀ, ನಾನು ಯಾರು ಅಂತ ಗೊತ್ತಾ ನಿಮಗೆ?’

ಅಲ್ಪನಿಗೆ ಐಶ್ವರ್ಯ ಬಂದು ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಂತ ನಾವು ತಲೆಮಾರುಗಳಿಂದ ನಗುತ್ತಾ ಬಂದಿದ್ದೇವೆ. ಬೋರ್ಡಿನ ಎರಡೂ ಕಡೆ ಫೋಟೋದವರು ಬಿಳಿ ಕೊಡೆ ಬಿಚ್ಚಿ, ಅದರೊಳಗೆ ದೀಪ ಉರಿಸಿ ನಿಂತಿದ್ದರು. ಆಗ ನನಗೆ ಹೊಳೆಯಿತು. ಪಾಪ, ಅವನು ಮಳೆಗೆ ಹಿಡಿದದ್ದಲ್ಲ. ಲೈಟಿಂಗಿಗೆ ಹಿಡಿದದ್ದು.

ನಾನೂ ಸಾಲಿನಲ್ಲಿ ನಿಂತೆ. ಸುಮ್ನೆ. ಒಂದೇ ಒಂದು ಫೋಟೋ.

ಒಳಗೆ ದೀಪ ಆರಿತು. ಹೆಸರುಗಳು ಬಂದವು. ಪರಿಕಲ್ಪನೆ, ಛಾಯಾಗ್ರಹಣ, ಸಂಕಲನ, ಧ್ವನಿ, ನಿರ್ದೇಶನ. ಎಲ್ಲದಕ್ಕೂ ಒಂದೇ ಹೆಸರು. ಒಟ್ಟಿಗೆ ಹಾಕಿ ಮುಗಿಸಲಿಲ್ಲ, ಪ್ರತಿ ಸಲವೂ ಹೊಸದಾಗಿ ಪರದೆ ತುಂಬ ಬಂತು. ಕೊನೆಗೆ ‘ಮೌನ’ ಎಂದು ಬಂತು. ಅದರ ಕೆಳಗೂ ಅದೇ ಹೆಸರು. ಚಿತ್ರದಲ್ಲಿ ಯಾರೂ ಮಾತಾಡದ ಕಡೆಯಲ್ಲೆಲ್ಲ ಮಾತಾಡದೆ ಇದ್ದದ್ದು ಸ್ವತಃ ನಿರ್ದೇಶಕರೇ ಎಂದು ಆಮೇಲೆ ತಿಳಿಯಿತು.

ನಂತರ ಕತ್ತಲೆ. 11 ನಿಮಿಷ ಪರದೆಯ ಮೇಲೆ ಏನೂ ಇಲ್ಲ. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ.

‘ಕರೆಂಟ್ ಹೋಯ್ತಾ?’ ಎಂದರು ಪಕ್ಕದವರು.

‘ಇಲ್ಲ, ಇದು ಮಾಧ್ಯಮದ ಕುರುಡುತನ’ ಎಂದರು ಮುಂದಿನ ಸೀಟಿನವರು. ಅವರು ಕರಪತ್ರವನ್ನು ಮೊದಲೇ ಓದಿಕೊಂಡು ಬಂದಿದ್ದರು.

ಕತ್ತಲೆ ತೋರಿಸುವುದು ಹೊಸ ವಿಷಯ ಅಲ್ಲ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಗೀ ದೆಬೋರ್ ಎಂಬ 20 ವರ್ಷದ ಹುಡುಗ ಒಂದು ಸಿನಿಮಾ ಮಾಡಿದ್ದ. ಅದರಲ್ಲಿ ಒಂದೇ ಒಂದು ದೃಶ್ಯ ಇರಲಿಲ್ಲ. ಮಾತು ಕೇಳುವಾಗ ಪರದೆ ಬೆಳ್ಳಗೆ, ಮಾತು ನಿಂತರೆ ಕಪ್ಪಗೆ. ಕೊನೆಯ 24 ನಿಮಿಷ ಬರೀ ಕಪ್ಪು, ಸದ್ದೂ ಇಲ್ಲ. ಮೊದಲ ಪ್ರದರ್ಶನದಲ್ಲಿ ಜನ ರೇಗಿ ಗಲಾಟೆ ಮಾಡಿದರು, ಚಿತ್ರ ಮುಗಿಯಲು ಬಿಡಲಿಲ್ಲ. ಬದುಕೆಲ್ಲ ಬರೀ ಪ್ರದರ್ಶನವಾಗಿಬಿಟ್ಟಿದೆ ಎಂದು 1967ರಲ್ಲಿ ಅವನೇ ಒಂದು ಪುಸ್ತಕವನ್ನೂ ಬರೆದ. 1984ರಲ್ಲಿ ಅವನ ನಿರ್ಮಾಪಕ ಗೆಳೆಯನ ಕೊಲೆಯಾಯಿತು. ಆಗ ತನ್ನ ಎಲ್ಲ ಚಿತ್ರಗಳನ್ನೂ ಯಾರಿಗೂ ತೋರಿಸಬೇಡಿ ಎಂದು ವಾಪಸ್ ತೆಗೆದುಕೊಂಡ. ಅವನು ತೀರಿಕೊಂಡದ್ದು 1994ರಲ್ಲಿ. 2009ರಲ್ಲಿ ಫ್ರಾನ್ಸ್ ಸರ್ಕಾರ ಅವನ ಕಾಗದಪತ್ರಗಳನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿತು. 2013ರಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಅವನ ಟಿಪ್ಪಣಿ ಚೀಟಿಗಳನ್ನು ಜೋಡಿಸಿಟ್ಟು ಜನರನ್ನು ಕರೆಯಿತು. ಪ್ರದರ್ಶನವನ್ನು ಜೀವಮಾನವಿಡೀ ಬೈದವನ ಚೀಟಿಗಳ ಪ್ರದರ್ಶನ!

ಆದರೂ ಅವನಿಗೆ ಅಲ್ಲಿಗೆ ತಲುಪಲು 60 ವರ್ಷ ಹಿಡಿಯಿತು. ಮಧ್ಯೆ ಸಾಯಬೇಕಾಯಿತು. ನಮ್ಮ ನಿರ್ದೇಶಕರು ಜಾಣರು. ಬೈಸಿಕೊಳ್ಳುವ ಹಂತವನ್ನು ಪಕ್ಕಕ್ಕಿಟ್ಟು ನೇರವಾಗಿ ಗಾಜಿನ ಪೆಟ್ಟಿಗೆಗೆ ಅರ್ಜಿ ಹಾಕಿದ್ದಾರೆ.

12ನೇ ನಿಮಿಷಕ್ಕೆ ಬೆಳಕು ಬಂತು. ಬೆಳಕಿನಲ್ಲಿ ನಿರ್ದೇಶಕರ ಮುಖ. ಬರೀ ಮುಖ. ಅದು ರೆಪ್ಪೆ ಬಡಿಯಿತು. ಸ್ವಲ್ಪ ಹೊತ್ತಿಗೆ ಉಗುಳು ನುಂಗಿತು. ಹಿನ್ನೆಲೆಯಲ್ಲಿ ಅವರದೇ ಧ್ವನಿ: ‘ಇದು ನನ್ನ ಮುಖವಲ್ಲ. ಮುಖ ಎಂಬ ಕಲ್ಪನೆ.’ ಕಲ್ಪನೆಗೆ ಮೇಕಪ್ ಸ್ವಲ್ಪ ಜಾಸ್ತಿ ಆಗಿತ್ತು.

ಮುಖ ನೋಡುತ್ತಾ ಕೂರುವುದು ಕೆಟ್ಟದ್ದೇನಲ್ಲ. ಅದಕ್ಕೂ ಒಂದು ಪರಂಪರೆ ಇದೆ. ಆ್ಯಂಡಿ ವಾರ್ಹಾಲ್ ಎಂಬ ಅಮೆರಿಕದ ಕಲಾವಿದ 1964ರಿಂದ 1966ರವರೆಗೆ ತನ್ನ ಸ್ಟುಡಿಯೋಗೆ ಬಂದವರನ್ನು ಕ್ಯಾಮೆರಾ ಮುಂದೆ ಕೂರಿಸುತ್ತಿದ್ದ. ಅಲ್ಲಾಡಬೇಡ, ರೆಪ್ಪೆಯೂ ಬಡಿಯಬೇಡ ಎನ್ನುತ್ತಿದ್ದ. ಒಂದು ರೀಲು ಮುಗಿಯಲು ಮೂರು ನಿಮಿಷಕ್ಕೂ ಕಡಿಮೆ. ಅದನ್ನು ನಿಧಾನಗತಿಯಲ್ಲಿ ಓಡಿಸಿ ನಾಲ್ಕು ನಿಮಿಷ ಮಾಡುತ್ತಿದ್ದ. ಅಂಥವು 472 ಇಂದಿಗೂ ಉಳಿದಿವೆ. ಬಾಬ್ ಡಿಲನ್ ಕೂತಿದ್ದಾನೆ, ಸಾಲ್ವಡಾರ್ ದಾಲಿ ಕೂತಿದ್ದಾನೆ, ಯಾರಿಗೂ ಗೊತ್ತಿಲ್ಲದವರೂ ಕೂತಿದ್ದಾರೆ. ಎಲ್ಲರಿಗೂ ಒಂದೇ ಅಳತೆ, ಅದೊಂದು ನ್ಯಾಯ. ಮಜಾ ಇರುವುದು ಬೇರೆ ಕಡೆ. ಮೊದಲ ನಿಮಿಷ ಎಲ್ಲರೂ ಪೋಸು ಕೊಡುತ್ತಾರೆ. ಆಮೇಲೆ ಪೋಸು ಸುಸ್ತಾಗಿ ಕಳಚಿ ಬೀಳುತ್ತದೆ, ಒಳಗಿನ ಮನುಷ್ಯ ಹೊರಗೆ ಇಣುಕುತ್ತಾನೆ. ಒಬ್ಬ ಹುಡುಗಿ ರೆಪ್ಪೆ ಬಡಿಯದೆ ಕೂತೂ ಕೂತೂ ಕಣ್ಣಿಂದ ನೀರು ಇಳಿಯುತ್ತದೆ. ಅವಳು ಅಳುತ್ತಿಲ್ಲ. ಆದರೂ ನೋಡುವವರಿಗೆ ಎದೆ ಹಿಂಡುತ್ತದೆ.

ನಮ್ಮ ನಿರ್ದೇಶಕರ ಪೋಸು ಅರ್ಧ ಗಂಟೆಯಾದರೂ ಬೀಳಲಿಲ್ಲ. ಅಷ್ಟು ಅಭ್ಯಾಸ.

ವಾರ್ಹಾಲನೇ 1964ರ ಜುಲೈನಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಕಡೆಗೆ ಇನ್ನೊಂದು ಕಟ್ಟಡದ ಕೋಣೆಯಿಂದ ರಾತ್ರಿ ಹೊತ್ತು ಕ್ಯಾಮೆರಾ ಇಟ್ಟು 8 ಗಂಟೆ 5 ನಿಮಿಷದ ಚಿತ್ರ ಮಾಡಿದ. ಆ ಕಟ್ಟಡದ ಮೇಲೆ ನನಗೆ ತುಂಬಾ ಗೌರವ. ಅಷ್ಟು ಹೊತ್ತು ನಿಂತಿತು, ಒಬ್ಬರನ್ನೂ ‘ಹೇಗಿತ್ತು, ನಿಜ ಹೇಳಿ’ ಅಂತ ಪೀಡಿಸಲಿಲ್ಲ. ಆ ಚಿತ್ರದಲ್ಲಿ ಒಂದು ಸಣ್ಣ ಎಡವಟ್ಟು ಇದೆ. ರೀಲು ಬದಲಿಸಲು ಕೋಣೆಯ ದೀಪ ಹಾಕಿದವರು ಕೆಲವು ಸಲ ಆರಿಸುವುದಕ್ಕೆ ಮುಂಚೆಯೇ ಕ್ಯಾಮೆರಾ ಶುರು ಮಾಡಿದ್ದಾರೆ. ಕಿಟಕಿಯ ಗಾಜಿನಲ್ಲಿ ಚಿತ್ರ ತೆಗೆಯುವವರ ಮುಖ ಒಂದು ಕ್ಷಣ ಮೂಡಿ ಮಾಯವಾಗುತ್ತದೆ. ಎಂಟು ಗಂಟೆ ಕಟ್ಟಡ ತೋರಿಸಿದರೂ ಮುಖ ಹೇಗೋ ನುಸುಳಿಬಿಟ್ಟಿತು ನೋಡಿ. ನಮ್ಮ ಚಿತ್ರದಲ್ಲಿ ಇದು ಉಲ್ಟಾ ಆಯಿತು. ಮುಖದ ಹಿಂದೆ ಎಡಭುಜದ ಹತ್ತಿರ ಎರಡು ಸೆಕೆಂಡು ಒಂದು ಕಟ್ಟಡ ನುಸುಳಿತ್ತು. ಅದನ್ನು ಮಸುಕು ಮಾಡಿದ್ದರು.

ಸುಮಾರು 40ನೇ ನಿಮಿಷಕ್ಕೆ ಒಂದು ಅದ್ಭುತ ನಡೆಯಿತು. ಮುಖ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಒಂದು ಕಣ್ಣು ಅರ್ಧ ಮುಚ್ಚಿದೆ, ತುಟಿ ವಾರೆಯಾಗಿದೆ, ಸೀನು ಬರಬೇಕು, ಬಂದಿಲ್ಲ. ಹಾಗೇ ನಾಲ್ಕು ನಿಮಿಷ. ಸಭಾಂಗಣ ಸ್ತಬ್ಧವಾಯಿತು. ಮೊದಲ ಸಾಲಿನ ವಿಮರ್ಶಕರು ಕತ್ತಲಲ್ಲೇ ಸರಸರ ಬರೆದುಕೊಂಡರು. ಪಕ್ಕದವರು ಕೂಡ ಈ ಸಲ ಕರೆಂಟಿನ ಬಗ್ಗೆ ಕೇಳಲಿಲ್ಲ. ನಾನು ಆಕಳಿಸಿದೆ. ಸಣ್ಣ ಆಕಳಿಕೆಯಲ್ಲ. ಬಾಯಿ ತೆರೆದರೆ ಮುಚ್ಚಲಾಗದೆ, ಕಣ್ಣಲ್ಲಿ ನೀರು ತುಂಬಿಕೊಳ್ಳುವಂಥದ್ದು.

ಮುಂದೆ ಸೆಲೆಬ್ರಿಟಿ ಭಾಗ. ಅದು ಬೇಗ ಮುಗಿಯಿತು. ಒಂದು ಬೊಂಬೆ ತಂದು ನಿಲ್ಲಿಸಿದರು, ಅದರ ತಲೆಯ ಮೇಲೆ ಬಣ್ಣ ಸುರಿದರು. ಕೆಂಪು ಬಣ್ಣ. ಅಷ್ಟೇ. ಡೇನಿಯಲ್ ಬೂರ್‌ಸ್ಟಿನ್ ಎಂಬ ಅಮೆರಿಕದ ಇತಿಹಾಸಕಾರ 1962ರಲ್ಲೇ ಇದನ್ನು ಬಣ್ಣವಿಲ್ಲದೆ ಹೇಳಿ ಮುಗಿಸಿದ್ದ. ಹೆಸರುವಾಸಿ ಆಗಿರುವುದಕ್ಕೇ ಹೆಸರುವಾಸಿ ಆದವನು ಸೆಲೆಬ್ರಿಟಿ, ಅಂತ. ವರದಿಯಾಗಲಿ ಎಂಬ ಒಂದೇ ಕಾರಣಕ್ಕೆ ನಡೆಸುವ ಘಟನೆಗಳಿಗೂ ಅವನು ಒಂದು ಹೆಸರು ಕೊಟ್ಟಿದ್ದ. ಹುಸಿ ಘಟನೆ ಎನ್ನಬಹುದು. ನಾನು ಕೂತಿದ್ದದ್ದು ಅಂಥದ್ದರ ಮೂರನೇ ಸಾಲಿನಲ್ಲಿ.

ಮಾಧ್ಯಮದ ಭಾಗದಲ್ಲಿ ನಿರ್ದೇಶಕರು ಸುತ್ತಿಗೆ ಹಿಡಿದು ಬಂದರು. ಮುಂದೆ ಒಂದು ಟಿ.ವಿ. ಇವರು ಅದನ್ನು ಒಡೆದರು. ಮೂರು ಕೋನದಿಂದ ಒಡೆದರು, ನಿಧಾನಗತಿಯಲ್ಲಿ ಇನ್ನೊಮ್ಮೆ ಒಡೆದರು. ಪ್ರತಿ ಕೋನದಲ್ಲೂ ಟಿ.ವಿ.ಗಿಂತ ಅವರ ತೋಳು ಚೆನ್ನಾಗಿ ಕಾಣುತ್ತಿತ್ತು. ಒಡೆದ ಟಿ.ವಿ.ಯ ಪಕ್ಕ ಕೂತು ಅವರು ಕೊಟ್ಟ ಸಂದರ್ಶನ ಅದಕ್ಕೆ ಹಿಂದಿನ ವಾರ ಟಿ.ವಿ.ಯಲ್ಲಿ ಬಂದಿತ್ತು. ‘ನೋಡುಗನೇ ಸರಕು. ಈ ಮಾತನ್ನು ಇದುವರೆಗೆ ಯಾರೂ ಹೇಳಿಲ್ಲ’ ಎಂದಿದ್ದರು. ರಿಚರ್ಡ್ ಸೆರ್ರಾ ಎಂಬ ಶಿಲ್ಪಿ 1973ರಲ್ಲಿ ಏಳು ನಿಮಿಷದಷ್ಟು ಉದ್ದದ ವಿಡಿಯೋ ಮಾಡಿ ಇದನ್ನೇ ಹೇಳಿದ್ದ. ಟಿ.ವಿ. ತಯಾರಿಸುವುದು ಕಾರ್ಯಕ್ರಮವನ್ನಲ್ಲ, ಪ್ರೇಕ್ಷಕರನ್ನು. ತಯಾರಿಸಿ ಜಾಹೀರಾತಿನವರಿಗೆ ಮಾರುತ್ತದೆ ಎಂಬ ಸಾಲುಗಳು ನೀಲಿ ಪರದೆಯ ಮೇಲೆ ಸುಮ್ಮನೆ ಉರುಳುತ್ತವೆ. ಹಿಂದೆ ಲಿಫ್ಟಿನಲ್ಲಿ ಕೇಳುವಂಥ ಮೆಲುಸಂಗೀತ. ಸೆರ್ರಾ ಅದರಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಅದಕ್ಕೇ ಇರಬೇಕು, ನಮ್ಮ ನಿರ್ದೇಶಕರಿಗೆ ಅದು ಕಣ್ಣಿಗೆ ಬಿದ್ದಿಲ್ಲ.

ಟಿ.ವಿ. ಒಡೆಯುವುದರಲ್ಲೂ ಹಿರಿಯರಿದ್ದಾರೆ. ‘ಆ್ಯಂಟ್ ಫಾರ್ಮ್’ ಎಂಬ ಕಲಾವಿದರ ತಂಡ 1975ರ ಜುಲೈ 4ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟಿ.ವಿ.ಗಳನ್ನು ಗೋಡೆಯಂತೆ ಪೇರಿಸಿ, ಬೆಂಕಿ ಹಚ್ಚಿ, ಅದರೊಳಗೆ ಕ್ಯಾಡಿಲ್ಯಾಕ್ ಕಾರು ನುಗ್ಗಿಸಿತು. ಕೆನಡಿಯ ವೇಷದವನೊಬ್ಬ ಭಾಷಣ ಮಾಡಿದ. ಟಿ.ವಿ.ಗೆ ಒದೆಯಬೇಕು ಅಂತ ನಿಮಗೆ ಅನಿಸಿಲ್ವಾ ಎಂದು ಜನರನ್ನು ಕೇಳಿದ. ಎಲ್ಲ ಟಿ.ವಿ. ವಾಹಿನಿಯವರಿಗೂ ಮುಂಚೆಯೇ ಆಮಂತ್ರಣ ಹೋಗಿತ್ತು, ಅವರು ಬಂದರು, ಟಿ.ವಿ.ಗಳನ್ನು ಸುಟ್ಟ ಸುದ್ದಿ ಟಿ.ವಿ.ಯಲ್ಲಿ ಬಂತು. ಆದರೆ ಆ ಹುಡುಗರಿಗೆ ಇದು ತಮಾಷೆ ಅಂತ ಗೊತ್ತಿತ್ತು. ಸುದ್ದಿಯವರು ಮೂಗು ಮುರಿದದ್ದನ್ನೂ ತಮ್ಮ ವಿಡಿಯೋದೊಳಗೇ ಹಾಕಿಕೊಂಡು ನಕ್ಕರು. ನಮ್ಮವರು ನಗುವುದಿಲ್ಲ. ನಕ್ಕರೆ ದವಡೆಯ ಗೆರೆ ಕೆಡುತ್ತದೆ.

ಇನ್ನು ಒಣಜಂಭ. ಇದನ್ನು ಮಾತ್ರ ನಾನು ಒಪ್ಪುತ್ತೇನೆ, ಚಿತ್ರದಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಇದೊಂದೇ.

ಪರದೆಯ ಮೇಲೆ ಥಟ್ಟನೆ ನಾವೇ ಬಂದೆವು. ಪರದೆಯ ಎರಡೂ ಬದಿಗೆ ಪುಟ್ಟ ಕ್ಯಾಮೆರಾ ಇಟ್ಟಿದ್ದರು. ಆಗಲೇ ಅದರ ಕೆಂಪು ದೀಪ ನನ್ನ ಕಣ್ಣಿಗೆ ಬಿದ್ದದ್ದು. ಇದನ್ನು ನಾಮ್ ಜೂನ್ ಪೈಕ್ ಎಂಬ ವಿಡಿಯೋ ಕಲಾವಿದ 1974ರಲ್ಲಿ ಇನ್ನೂ ಚಂದವಾಗಿ ಮಾಡಿದ್ದ. ಒಂದು ಬುದ್ಧನ ಮೂರ್ತಿ, ಅದರ ಮುಂದೆ ಟಿ.ವಿ., ಟಿ.ವಿ.ಯ ಹಿಂದೆ ಬುದ್ಧನ ಕಡೆ ತಿರುಗಿದ ಕ್ಯಾಮೆರಾ. ಬುದ್ಧ ಟಿ.ವಿ.ಯಲ್ಲಿ ತನ್ನನ್ನೇ ನೋಡುತ್ತಾ ಕೂತಿದ್ದಾನೆ. ಅಷ್ಟು ವರ್ಷದಿಂದ ನೋಡುತ್ತಿದ್ದರೂ ಒಂದು ಸಲವೂ ಕೂದಲು ಸರಿಮಾಡಿಕೊಂಡಿಲ್ಲ.

ನಾವು ಬುದ್ಧರಲ್ಲ. ನಿದ್ದೆ ಹೋಗಿದ್ದವರು ಎದ್ದರು. ಬಗ್ಗಿದ್ದ ಬೆನ್ನುಗಳು ನೆಟ್ಟಗಾದವು. ಕೂದಲಿಗೆ, ಕಾಲರಿಗೆ, ಕನ್ನಡಕಕ್ಕೆ ಕೈಗಳು ಹೋದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತ ಗಾದೆ ಕೇಳುತ್ತದೆ. ಬೇಕು ಸ್ವಾಮಿ, ಕನ್ನಡಿ 30 ಅಡಿ ಅಗಲ ಇದ್ದರೆ ಖಂಡಿತ ಬೇಕು. ನಾನು ತಕ್ಷಣ ಗಲ್ಲಕ್ಕೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ, ಆಳವಾಗಿ ಯೋಚಿಸುವವರ ಹಾಗೆ ಕೂತೆ. ಹೇಗೆ ಕಾಣುತ್ತಿದ್ದೇನೆ ಅಂತ ಪರದೆ ನೋಡಿದೆ. ಹುಡುಕುವುದು ಕಷ್ಟವಾಯಿತು. ಇಡೀ ಸಭಾಂಗಣವೇ ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಿತ್ತು.

ಚಿತ್ರ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ. ನಾವೆಲ್ಲ ನಮ್ಮನ್ನು ನೋಡಿಕೊಳ್ಳುತ್ತಲೇ ಇದ್ದೆವು. ಮೊದಲ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಅಲ್ಲಿ ಕೂತಿದ್ದವರು ಚಿತ್ರತಂಡದವರು. ನಾವೂ ಎದ್ದೆವು. ಎದ್ದ ಮೇಲೆ ಸಮಸ್ಯೆ ಏನೆಂದರೆ, ಮೊದಲು ಕೂರುವವರು ಯಾರು? ಮೊದಲು ಕೂತವನು ಕಲೆ ಅರ್ಥವಾಗದವನು. ಕ್ಯಾಮೆರಾ ಬೇರೆ ಇದೆ. ಅಂಗೈ ಉರಿದರೂ ಹೊಡೆದೆವು. ಒಬ್ಬರು ಮೊಬೈಲಿನಲ್ಲಿ ಸಮಯ ಅಳೆಯುತ್ತಿದ್ದರು. ಇದು ಈಗ ಕಾನ್ ಚಿತ್ರೋತ್ಸವದ ಕಾಯಿಲೆ. ಅಲ್ಲಿ ಪತ್ರಕರ್ತರು ಸಿನಿಮಾ ಹೇಗಿತ್ತು ಎನ್ನುವ ಮೊದಲು ಚಪ್ಪಾಳೆ ಎಷ್ಟು ನಿಮಿಷ ಎಂದು ಬರೆಯುತ್ತಾರೆ. 2006ರಲ್ಲಿ ಒಂದು ಚಿತ್ರಕ್ಕೆ 22 ನಿಮಿಷ ಎಂದು ವರದಿಯಾಗಿತ್ತು. ಅದೇ ಕಾನ್‌ನಲ್ಲಿ 2018ರಲ್ಲಿ ಕೆಂಪು ಹಾಸಿನ ಮೇಲೆ ಸೆಲ್ಫಿ ನಿಷೇಧಿಸಿದರು. ಫೋಟೋಗ್ರಾಫರುಗಳ ಗೋಡೆ ಮಾತ್ರ ಹಾಗೇ ಉಳಿಯಿತು. ಅಂದರೆ ನಿಮ್ಮ ಮುಖವನ್ನು ನೀವೇ ತೆಗೆದರೆ ಅಸಹ್ಯ, ಬೇರೆಯವರು ತೆಗೆದರೆ ಘನತೆ. ಅಲ್ವಾ?

ನಮ್ಮದು ಆರು ನಿಮಿಷಕ್ಕೆ ನಿಂತಿತು. ನಿರ್ದೇಶಕರೇ ದೊಡ್ಡ ಮನಸ್ಸು ಮಾಡಿ ಕೈ ಎತ್ತಿ ನಿಲ್ಲಿಸಿದರು.

ಪ್ರಶ್ನೋತ್ತರದಲ್ಲಿ ಎದ್ದ ಮೊದಲನೆಯವರು ‘ಇದು ಪ್ರಶ್ನೆಯಲ್ಲ, ಒಂದು ಅನಿಸಿಕೆ’ ಎಂದು ತಮ್ಮ ಮುಂದಿನ ಕಿರುಚಿತ್ರದ ಬಗ್ಗೆ ಮಾತಾಡಿದರು. ಎರಡನೆಯವರು ವಿಮರ್ಶಕರು. ‘ಮುಖ ಸ್ತಬ್ಧವಾಗುವ ಆ ನಾಲ್ಕು ನಿಮಿಷ ನನ್ನನ್ನು ಒಡೆದುಹಾಕಿತು. ಆ ನಿರ್ಧಾರಕ್ಕೆ ಹೇಗೆ ಬಂದಿರಿ?’

ನಿರ್ದೇಶಕರು ಕಣ್ಣು ಮುಚ್ಚಿದರು. ಆ ನಾಲ್ಕು ನಿಮಿಷಕ್ಕಾಗಿ ತಾವು ಎಷ್ಟು ರಾತ್ರಿ ನಿದ್ದೆಗೆಟ್ಟೆ ಎಂದು ಹೇಳಿದರು. ಕಾಲವನ್ನು ನಿಲ್ಲಿಸುವುದು, ನೋಟವನ್ನು ನೋಟಕ್ಕೇ ತಿರುಗಿಸುವುದು, ಇತ್ಯಾದಿ. ಹತ್ತು ನಿಮಿಷವಾಯಿತು. ಹಿಂದಿನ ಬಾಗಿಲ ಹತ್ತಿರ ಪ್ರೊಜೆಕ್ಟರ್ ಆಪರೇಟರ್ ಬಹಳ ಹೊತ್ತಿನಿಂದ ಕೈ ಎತ್ತಿ ನಿಂತಿದ್ದ.

‘ಸಾರ್, ಕ್ಷಮಿಸಿ ಸಾರ್. ಅದು ಹ್ಯಾಂಗ್ ಆಗಿತ್ತು. ಕೇಬಲ್ ಲೂಸ್ ಇತ್ತು. ಆಫ್ ಮಾಡಿ ಆನ್ ಮಾಡೋಕೆ ನಾಲ್ಕು ನಿಮಿಷ ಆಯ್ತು ಸಾರ್.’

ಒಂದು ಕ್ಷಣ ನಿಜವಾದ ಮೌನ. ಅದನ್ನು ಯಾರೂ ನಿರ್ದೇಶಿಸಿರಲಿಲ್ಲ.

‘ನೋಡಿದಿರಾ?’ ಎಂದರು ನಿರ್ದೇಶಕರು ನಿಧಾನವಾಗಿ. ‘ಮಾಧ್ಯಮ ತನ್ನ ಅಧಿಕಾರ ತೋರಿಸುವುದು ಹೀಗೆ.’

ಮತ್ತೆ ಚಪ್ಪಾಳೆ. ಮೊದಲಿಗಿಂತ ಜೋರಾಗಿಯೇ. ಇಬ್ಬರು ಹೋಗಿ ಆಪರೇಟರ್ ಜೊತೆ ಸೆಲ್ಫಿ ತೆಗೆದುಕೊಂಡರು. ಆತ ಇನ್ನೂ ಕ್ಷಮೆ ಕೇಳುತ್ತಲೇ ಇದ್ದ. ಆಮೇಲೆ ಕೇಳಿದ್ದು: ಚಿತ್ರದ ಹೊಸ ಆವೃತ್ತಿಯಲ್ಲಿ ಆ ನಾಲ್ಕು ನಿಮಿಷವನ್ನು ಕಾಯಂ ಮಾಡಿದ್ದಾರಂತೆ. ಆರಂಭದ ಹೆಸರುಗಳ ಪಟ್ಟಿಯಲ್ಲಿ ‘ಅಡಚಣೆ’ ಎಂಬ ಹೊಸ ವಿಭಾಗ ಬಂದಿದೆಯಂತೆ. ಅದರ ಕೆಳಗೆ ಯಾರ ಹೆಸರಿದೆ ಎಂದು ನಾನು ಹೇಳಬೇಕಾಗಿಲ್ಲ.

ಎರಡು ವಾರದ ನಂತರ ಚಿತ್ರದ ಟ್ರೇಲರ್ ಬಂತು. ಮೊದಲು ನಿರ್ದೇಶಕರ ಮುಖ. ಆಮೇಲೆ ‘ಪ್ರೇಕ್ಷಕರು ಮೂಕವಿಸ್ಮಿತರಾದರು’ ಎಂಬ ಅಕ್ಷರ. ಅದರ ಹಿಂದೆ, ಬಾಯಿ ಪೂರ್ತಿ ತೆರೆದು, ಕಣ್ಣಲ್ಲಿ ನೀರು ತುಂಬಿಕೊಂಡು, ಪರದೆಯನ್ನು ನೋಡುತ್ತಿರುವ ನಾನು.

ಸೋವಿಯತ್ ರಷ್ಯಾದ ಲೆವ್ ಕುಲೆಶೋವ್ ಸುಮಾರು 100 ವರ್ಷದ ಹಿಂದೆ ಒಂದು ಪ್ರಯೋಗ ಮಾಡಿದ್ದ. ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದ. ಜನ ಮೊದಲನೆಯದರಲ್ಲಿ ಹಸಿವು ಕಂಡರು, ಎರಡನೆಯದರಲ್ಲಿ ದುಃಖ ಕಂಡರು, ನಟನ ಅಭಿನಯವನ್ನು ಹೊಗಳಿದರು. ಮುಖ ಮಾತ್ರ ಅದೇ. ಇದನ್ನೆಲ್ಲ ವಿವರಿಸಿ, ಅದು ವಿಸ್ಮಯವಲ್ಲ, ಆಕಳಿಕೆ, ಕೂಡಲೇ ತೆಗೆಯಿರಿ ಎಂದು ನಿರ್ದೇಶಕರಿಗೆ ಖಾರವಾಗಿ ಒಂದು ಪತ್ರ ಬರೆದೆ. ಒಂದೂವರೆ ಪುಟ ಆಯಿತು. ಕಳಿಸುವ ಮುಂಚೆ ಟ್ರೇಲರನ್ನು ಇನ್ನೊಂದು ಸಲ ನೋಡಿದೆ. ಎಡಗಡೆಯಿಂದ ಬೆಳಕು ಬಿದ್ದಿತ್ತು. ಕಣ್ಣಿನ ನೀರು ಹೊಳೆಯುತ್ತಿತ್ತು. ಹಲ್ಲುಗಳು ಸಾಲಾಗಿ ಕಂಡವು.

ಮೂರನೇ ಸಲ ನೋಡುವಾಗ ಅಲ್ಲೇ ನಿಲ್ಲಿಸಿ ಆ ಚಿತ್ರವನ್ನು ತೆಗೆದಿಟ್ಟುಕೊಂಡೆ. ಈ ಅಂಕಣದ ಜೊತೆ ಅದನ್ನೇ ಹಾಕಿ ಎಂದು ಸಂಪಾದಕರಿಗೆ ಕಳಿಸಿದ್ದೇನೆ. ಜಾಗ ಸಾಲದಿದ್ದರೆ ಬರಹವನ್ನು ಕತ್ತರಿಸಿ ಎಂದಿದ್ದೇನೆ.